ಕಲ್ಲು ನಡೆದದ್ದನ್ನು ಕಂಡ ತಿರಕಪ್ಪ

“ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಎಂಬತ್ತು…”

ಅಸುಂಡಿಯ ಹೊಲದ ಬಾವಿಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತ ಮರ್ದಾನಸಾಬ ಜೋರಾಗಿ ಎಣಿಸುತ್ತಿದ್ದಾರೆ. ಬೆಳಕು ಈಗಷ್ಟೇ ಹರಿಯುತ್ತಿದೆ. ಅವರ ಕೈಯಲ್ಲಿ ಹಗ್ಗದ ಒಂದು ತುದಿ, ಇನ್ನೊಂದು ತುದಿ ನೀರೊಳಗೆ ಮುಳುಗಿದವನ ನಡುವಿಗೆ. ಎಣಿಕೆ ನೂರು ಮುಟ್ಟಿದರೆ ಯೋಚಿಸದೆ ಎಳೆಯಬೇಕು. ಇದು ಈ ಕಸುಬಿನ ಕಟ್ಟಳೆ. ಎಂಬತ್ತೆರಡಕ್ಕೆ ತಲೆಯೊಂದು ಮೇಲೆ ಬರುತ್ತದೆ.

“ಮೋಟರ್ ಸಿಕ್ಕೈತಿ, ಕಾಕಾ. ಬಿಗೀ ಕಟ್ಟೇನಿ. ಎಳಸ್ರಿ ಇನ್ನ.”

ಇವರು ಯಳವತ್ತಿಯ ತಿರಕಪ್ಪ, ವಯಸ್ಸು ಮೂವತ್ತೆಂಟು. ಮಳೆಗಾಲದ ನಾಲ್ಕು ತಿಂಗಳು ಶಿರಹಟ್ಟಿ, ಲಕ್ಷ್ಮೇಶ್ವರದ ಸುತ್ತಲಿನ ಬಾವಿಗಳಿಗೆ ಬಿದ್ದ ಮೋಟರು, ಕೊಡ, ಒಮ್ಮೊಮ್ಮೆ ಮೊಬೈಲು ಕೂಡ ತೆಗೆದುಕೊಡುತ್ತಾರೆ. ಉಳಿದ ಎಂಟು ತಿಂಗಳು ಅವರ ಅನ್ನ ಕಡಲಲ್ಲಿದೆ. ಹಿಂದೆಂದೋ ಮುಳುಗಿದ ಸರಕು ಹಡಗನ್ನು ತೋರಿಸಲು ಪ್ರವಾಸಿಗರನ್ನು ಒಯ್ಯುವ ದೋಣಿಯೊಂದರಲ್ಲಿ ಕೆಲಸ. ಮುಳುಗುವವರ ಉಸಿರಿಗೆ ಗಾಳಿ ತುಂಬಿದ ಸಿಲಿಂಡರು ದಿನಕ್ಕೆ ನಲವತ್ತು, ಒಂದೊಂದೂ ಹದಿನೈದು ಕಿಲೋ. ನಾಲ್ಕು ವರ್ಷ ಬರೀ ಅದನ್ನೇ ಹೊತ್ತರು. ಆಮೇಲೆ ಮುಳುಗು ವಿದ್ಯೆ ಕಲಿತು, ಪರೀಕ್ಷೆ ಪಾಸಾಗಿ, ತಂಡದ ಬಾಲದಲ್ಲಿ ಕಾವಲಿಗೆ ಇಳಿಯತೊಡಗಿದರು. ಆಸೆಯಿದ್ದದ್ದು ಒಂದೇ: ಬಾಲ ಬಿಟ್ಟು ಮುಂದೆ ಹೋಗುವ ಗೈಡ್ ಆಗಬೇಕು.

ಆ ಆಸೆಗೆ ಕಲ್ಲು ಬಿದ್ದದ್ದು ಹೋದ ಚಳಿಗಾಲದಲ್ಲಿ.

ಬಾವಿಯ ರಾಡಿಯಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ, ಕೈಯೇ ಕಣ್ಣು. ಕಡಲಿನ ಕಾನೂನು ಇದಕ್ಕೆ ತದ್ವಿರುದ್ಧ: ಏನನ್ನೂ ಮುಟ್ಟಬಾರದು. ಅಂದು ನೀರು ಕದಡಿತ್ತು. ಹಳೇ ರೂಢಿಯಂತೆ ತಿರಕಪ್ಪ ಕಣ್ಣು ಮುಚ್ಚಿ, ಹಡಗಿನ ಅಂಚಿನ ಕಂಬಿ ಕಟಾಂಜನವನ್ನು ತಡವುತ್ತ ಹೋಗಿ, ಅದರ ಮೇಲಿದ್ದ ಹಳದಿ ಕಲ್ಲೊಂದನ್ನು ಹಿಡಿದರು.

“ಮೆತ್ತಗ ಹತ್ತಿತ್ರಿ. ಕಣ್ಣ ತೆಗದು ನೋಡಿದ್ರ ಕಲ್ಲು ಎದ್ದು ಹೊಂಟಿತ್ತು. ಈಸಲಿಲ್ರಿ, ಖರೇನ ನಡೀತು. ಕೋಳಿಮರಿ ಹಂಗ, ಒಂದೊಂದ ಹೆಜ್ಜಿ.”

ಮೇಲೆ ಬಂದು ಹೇಳಿದರೆ ದೋಣಿಯೆಲ್ಲ ನಕ್ಕಿತು. ಬಾವಿ ಕಪ್ಪೆಗೆ ಕಡಲು ಕಂಡು ತಲೆ ತಿರುಗಿದೆ ಎಂದರು. ಗೈಡ್ ಇಜಾಜ ಮಾತ್ರ ನಗಲಿಲ್ಲ. “ವಿಷದ ಮುಳ್ಳಿನ ಮೀನೂ ಕಲ್ಲಿನ ಹಾಗೇ ಕೂತಿರುತ್ತದೆ ಮಾರಾಯ, ಜೀವ ಹೋಗುತ್ತಿತ್ತು. ಹದಿನೈದು ದಿನ ನೀರಿಗಿಳಿಯಬೇಡ” ಎಂದರು. ಮತ್ತೆ ಸಿಲಿಂಡರಿಗೇ ಹೆಗಲು. “ಮುಟ್ಟಿದ್ದು ನಂದ ತಪ್ಪರಿ, ಒಪ್ಪತೀನಿ. ಆದ್ರ ಸುಳ್ಳ ಹೇಳ್ಯಾನ ಅಂದ್ರಲ್ಲ, ಅದು ಉಣ್ಣಾಕ ಕುಂತರೂ ನೆನಪಾಗೂದು” ಎನ್ನುತ್ತಾರೆ ತಿರಕಪ್ಪ. ಇಲ್ಲದ್ದನ್ನು ಕಾಣುವವನ ಹಿಂದೆ ಯಾರು ತಾನೇ ಮುಳುಗುತ್ತಾರೆ?

ಹದಿನಾರನೇ ದಿನ ಇಜಾಜ ತಿರಕಪ್ಪನವರೊಬ್ಬರನ್ನೇ ಕರೆದುಕೊಂಡು ಇಳಿದರು. ಕಂಡದ್ದನ್ನು ತೋರಿಸಲು ಒಂದೇ ಅವಕಾಶ. ನೀರು ಅಂದಿಗಿಂತ ರಾಡಿ, ಮೊಳದಾಚೆ ಕಾಣದು. ಆದರೆ ಬಾವಿಯವರು ಜಾಗವನ್ನು ಕಣ್ಣಲ್ಲಿ ಗುರುತಿಡುವುದಿಲ್ಲ, ಮಾರಿನಲ್ಲಿ ಇಡುತ್ತಾರೆ. ಮೊದಲ ದಿನ ಗಾಬರಿಯಲ್ಲೂ ತಿರಕಪ್ಪ ಅಳೆದಿದ್ದರು: ಮುರಿದ ಕಂಬದಿಂದ ಹನ್ನೊಂದು ಮಾರು. ಈಗ ಕಟಾಂಜನಕ್ಕೆ ತಾಗದಂತೆ ತೋಳು ಚಾಚಿ, ಮಡಚಿ, ಎಣಿಸುತ್ತ ಹೋಗಿ ನಿಂತರು. ಎದುರಿಗೆ ಹಳದಿ ಕಲ್ಲು. ಕೈ ಕೇಳಬೇಕಲ್ಲ, ಎರಡನ್ನೂ ಕಂಕುಳಲ್ಲಿ ಅದುಮಿಕೊಂಡರು. ಬಹಳ ಹೊತ್ತಿನ ಮೇಲೆ ಕಲ್ಲು ಬಾಯಿ ಆಕಳಿಸಿ, ಕಾಲಿನಂಥ ರೆಕ್ಕೆ ಎತ್ತಿ, ನಡೆಯಿತು.

ಇಜಾಜ ತೆಗೆದ ಚಿತ್ರ ನೋಡಿದ ತಿಳಿದವರು ಅದನ್ನು ಕಪ್ಪೆಮೀನು, ಬೇಟೆಗೆ ಕಾಯುತ್ತ ದಿನಗಟ್ಟಲೆ ಒಂದೇ ಕಡೆ ಕೂರುವ ಜಾತಿ ಎಂದರು. ಬಾವಿ ಕಪ್ಪೆ ಎಂದಿದ್ದವರು ಅಂದು ಚಹಾ ತಂದುಕೊಟ್ಟರಂತೆ. “ಇದರ ಮುಂದೆಯೇ ಆರು ವರ್ಷ ಓಡಾಡಿದ್ದೇನೆ, ಕಾಣಲಿಲ್ಲ. ಅಕ್ಟೋಬರಿನಿಂದ ನೀನೇ ಮುಂದೆ ಹೋಗು” ಎಂದರು ಇಜಾಜ.

ಮನೆಯಲ್ಲಿ ಮಾತ್ರ ಚಿತ್ರಕ್ಕೆ ಬೆಲೆಯಿಲ್ಲ. ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಹೆಂಡತಿ ದುರಗವ್ವ, “ಕಲ್ಲ ನೋಡಾಕ ಮಂದಿ ಅಷ್ಟ ದೂರ ಬರತಾರೇನು? ನಮ್ಮ ಹೊಲದಾಗ ಬೇಕಾದಷ್ಟ ಅದಾವ, ಇಲ್ಲೇ ಕರಕೊಂಡ ಬರ್ರಿ” ಎನ್ನುತ್ತಾರೆ.

ಅಸುಂಡಿಯ ಬಾವಿಯಿಂದ ಮೋಟರು ಮೇಲೆ ಬಂದಿದೆ. ತಲೆ ಒರೆಸಿಕೊಳ್ಳುತ್ತ ತಿರಕಪ್ಪ ತಮಗೀಗ ಉಳಿದಿರುವ ಒಂದೇ ಬಯಕೆ ಹೇಳುತ್ತಾರೆ: ತಾವು ಹತ್ತು ವರ್ಷದವರಿದ್ದಾಗ ಈಜು ಕಲಿಸಿದ ಮರ್ದಾನಸಾಬರನ್ನು ಒಮ್ಮೆ ಆ ದೋಣಿಯಲ್ಲಿ ಕೂರಿಸಿ, ಅವರ ಕಣ್ಣೆದುರೇ ತಂಡದ ಮುಂದೆ ಇಳಿಯಬೇಕು.

“ಅಲ್ಲಿ ಮುಕ್ಕಾಲು ತಾಸು ಕೆಳಗ ಇರ್ತೀನಿ, ಕಾಕಾ. ಹಗ್ಗಾನೂ ಇರಂಗಿಲ್ಲ. ಎಲ್ಲೀತನಕ ಎಣಸ್ತೀರಿ?”

ಮರ್ದಾನಸಾಬ ತೊಯ್ದ ಹಗ್ಗ ಸುತ್ತುವುದನ್ನು ನಿಲ್ಲಿಸುವುದಿಲ್ಲ.

“ನೀ ಮ್ಯಾಲ ಬರೂತನಕ.”