ಅಯ್ಯನವರ ಹೀಬ್ರೂ ಪಾಠ

ಗುರುವಾಯನಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಗೋಳಿಬಜೆ ಕರಿಯುವ ವಾಸನೆ ಬಂದರೆ ನಿಮಗೆ ಹಸಿವಾಗಬಹುದು. ನನಗೆ ಹೀಬ್ರೂ ನೆನಪಾಗುತ್ತದೆ. ನಗಬೇಡಿ. ಮಡಂತ್ಯಾರಿನಿಂದ ಬಂದು ಇಲ್ಲಿ ಇಳಿದು, ಮೂಡುಬಿದಿರೆಯ ಬಸ್ಸಿಗೆ ಕಾಯುತ್ತ, ಶನಿವಾರ ಶನಿವಾರ ಗೋಳಿಬಜೆ ತಿಂದುಕೊಂಡೇ ನಾನು ಆ ಭಾಷೆ ಕಲಿತದ್ದು. ಇವತ್ತೂ ಅದೇ ಬಸ್ಸಿಗೆ ಕಾಯುತ್ತಿದ್ದೇನೆ. ಕಲಿಸಿದ ಅಯ್ಯನವರು ನಿನ್ನೆ ತೀರಿಕೊಂಡರು.

ಅಯ್ಯನವರೆಂದರೆ ಮೂಡುಬಿದಿರೆಯ ನಮ್ಮ ಪುಟ್ಟ ಸಭೆಯ ನಿವೃತ್ತ ಪಾದ್ರಿ. ನಾನು ಅಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಹೇಳುವವಳು. ನಮ್ಮ ಸಭೆಯಲ್ಲಿ ಹೆಂಗಸರು ಹಾಡಬಹುದು, ಗುಡಿಸಬಹುದು, ಚಾ ಮಾಡಬಹುದು. ಪೀಠ ಹತ್ತಿ ಪ್ರಸಂಗ ಮಾಡುವ ಹಾಗಿಲ್ಲ. ನನಗೋ ಅದೊಂದೇ ಹುಚ್ಚು. ಅವರಲ್ಲಿ ಹೇಳಿಕೊಂಡಾಗ, "ನೀನು ಹಳೆ ಒಡಂಬಡಿಕೆಯನ್ನು ಮೂಲ ಹೀಬ್ರೂವಿನಲ್ಲೇ ಓದ್ಲಿಕ್ಕೆ ಕಲಿ ಮಗಾ. ಆಮೇಲೆ ಯಾರು ಬೇಡ ಅಂತಾರೆ ನೋಡುವ. ಪೀಠದ ವಿಷಯ ನನಗೆ ಬಿಡು," ಎಂದರು. ಬಿಟ್ಟೆ.

ಬಸ್‌ಸ್ಟ್ಯಾಂಡಿನ ಹೋಟೆಲಿನ ಬ್ಯಾರಿ ಕಾಕಾ ಒಮ್ಮೆ ನನ್ನ ಪುಸ್ತಕಕ್ಕೆ ಇಣುಕಿ, "ಇದು ನಮ್ಮ ಅರಬ್ಬಿಯ ಹಾಗೆಯೇ ಬಲದಿಂದ ಎಡಕ್ಕೆ ಉಂಟಲ್ಲ ಟೀಚರೇ! ಹಾಗಾದ್ರೆ ಬೇಗ ಬರ್ತದೆ," ಎಂದಿದ್ದರು. ಎಲ್ಲಿಯ ಬೇಗ! ಬಸ್ಸಿನ ಬೋರ್ಡನ್ನೂ ಬಲದಿಂದ ಓದಲು ಹೋಗಿ ಒಂದು ದಿನ ಬಸ್ಸನ್ನೇ ತಪ್ಪಿಸಿಕೊಂಡೆ. "ಗಂಟಲಿನಿಂದ ಬರಲಿ!" ಎಂದು ಅಯ್ಯನವರು ಗದರುವಾಗ ನಾನು ಕಷ್ಟಪಟ್ಟು ಹೊರಡಿಸಿದ ಸ್ವರ ಕೇಳಿ, ಶೀತವಾಗಿದೆಯೆಂದು ಅವರ ಹೆಂಡತಿ ಕರಿಮೆಣಸಿನ ಕಷಾಯ ತಂದು ಕೊಟ್ಟಿದ್ದರು. ಆದರೂ ಒಂದು ಅಧ್ಯಾಯವನ್ನು ತಡವರಿಸದೆ ಓದಿ ಮುಗಿಸಿದ ದಿನ ಅಯ್ಯನವರ ಕಣ್ಣು ಒದ್ದೆಯಾಗಿತ್ತು. ಅದು ಸುಳ್ಳಲ್ಲ, ನಾನೇ ನೋಡಿದ್ದೇನೆ.

ನನ್ನ ವಿಷಯ ಹಿರಿಯರ ಮೀಟಿಂಗಿಗೆ ಬಂದ ಭಾನುವಾರ ಚಾ ಮಾಡುವ ಸರದಿಯೂ ನನ್ನದೇ. ತಟ್ಟೆ ಹಿಡಿದು ಬಾಗಿಲ ಹತ್ತಿರ ಬಂದಾಗ ಒಬ್ಬರು ಕೇಳುತ್ತಿದ್ದರು: "ಹೆಂಗಸರನ್ನು ಪೀಠಕ್ಕೆ ಹತ್ತಿಸುವುದಾ? ಅಯ್ಯನವರೇ, ನೀವೇ ಹೇಳಿ."

"ಛೆ ಛೆ, ಹಾಗೇನಿಲ್ಲ ಮಾರಾಯ್ರೆ," ಎಂದರು ಅಯ್ಯನವರು. "ನನಗೂ ಹೊತ್ತು ಹೋಗಬೇಕಲ್ಲ. ಕಲಿಸಿದೆ, ಅಷ್ಟೆ."

ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಚಾ ಕೊಟ್ಟೆ. ಸಕ್ಕರೆ ಸಾಕಾ ಎಂದು ಬೇರೆ ಕೇಳಿದೆ ನೋಡಿ, ನನ್ನ ಬುದ್ಧಿಗೆ ಏನು ಹೇಳಲಿ! "ಸಾಕು ಮಗಾ," ಎಂದರು, ತಲೆ ಎತ್ತದೆ. ಅಷ್ಟು ಕಾಲ ನನ್ನ ಮೂಗಿಗೆ ತುಪ್ಪ ಸವರಿದ್ದು ಆ ಹಿರಿಯರಲ್ಲ, ಇವರು. ಮುಂದಿನ ಶನಿವಾರದಿಂದ ನಾನು ಪಾಠಕ್ಕೆ ಹೋಗಲಿಲ್ಲ. ಯಾಕೆ ಬರಲಿಲ್ಲವೆಂದು ಅವರು ಕೇಳಲೂ ಇಲ್ಲ.

ಈಗ, ಇಲ್ಲಿ ನಿಂತಿರುವಾಗಲೇ, ಹೊಸ ಪಾದ್ರಿಯ ಫೋನು. ಪಾಪ, ಚಿಕ್ಕ ಪ್ರಾಯದವರು.

"ಅಕ್ಕಾ, ಇವತ್ತು ಅಂತ್ಯಸಂಸ್ಕಾರದಲ್ಲಿ ನೀವು ಹೀಬ್ರೂವಿನಲ್ಲಿ ನಾಲ್ಕು ಸಾಲು ಓದಬೇಕು. ಅಯ್ಯನವರೇ ಹೇಳಿ ಹೋಗಿದ್ದಾರೆ. ಹಿರಿಯರೂ ಒಪ್ಪಿದ್ದಾರೆ."

"ಪೀಠದಿಂದಲಾ?"

"ಅಲ್ಲಕ್ಕಾ... ಹೊರಗೆ. ಗುಂಡಿಯ ಹತ್ತಿರ ನಿಂತು."

ಜೀವಂತ ಇರುವವರಿಗೆ ಹೇಳಬೇಕೆಂದು ಕಲಿತವಳು ನಾನು. ಬದುಕಿದ್ದಾಗ ನನ್ನ ಪರ ಒಂದು ಮಾತು ಆಡದವರು ಸತ್ತ ಮೇಲೆ ನನ್ನಿಂದ ನಾಲ್ಕು ಸಾಲು ಕೇಳುತ್ತಾರಲ್ಲ!

"ಹಿರಿಯರಿಗೆ ಹೇಳಿ," ಎಂದೆ, "ನಾನು ಅಳ್ಲಿಕ್ಕೆ ಬರ್ತಿದ್ದೇನೆ. ಓದ್ಲಿಕ್ಕಲ್ಲ."

ಬಸ್ಸು ಬಂತು, ಹತ್ತಿದೆ. ವೇಣೂರು ದಾಟುವವರೆಗೂ ಅಳಲು ನೋಡಿದೆ. ಬರಲಿಲ್ಲ.