ಜೋಕಾಲಿ ಬಿಚ್ಚಿದ ಪಂಚಮಿ

ಆಗೆಲ್ಲ ನಮ್ಮ ಓಣಿಯಲ್ಲಿ ಮನೆಗೆ ಕೀಲಿ ಹಾಕುತ್ತಿದ್ದುದು ಆಡು, ನಾಯಿ ಒಳಗೆ ನುಗ್ಗದಿರಲಿ ಎಂದು ಮಾತ್ರ. ಕಳ್ಳರ ಹೆದರಿಕೆ ಯಾರಿಗೂ ಇರಲಿಲ್ಲ. ಕದಿಯುವಂಥದ್ದೂ ಯಾರ ಮನೆಯಲ್ಲೂ ಇರಲಿಲ್ಲವೆನ್ನಿ. ಎಷ್ಟೋ ಬಾಗಿಲುಗಳಿಗೆ ಚಿಲಕಕ್ಕೆ ಸಿಕ್ಕಿಸಿದ ಕಡ್ಡಿಯೇ ಕೀಲಿ. ನಮ್ಮ ಮನೆಗೆ ಮಾತ್ರ ಅಂಗೈ ಅಗಲದ ಹಿತ್ತಾಳೆಯ ಕೀಲಿ. ಗಂಗಾವತಿ ಕಡೆ ಟ್ರ್ಯಾಕ್ಟರ್ ಓಡಿಸುತ್ತಿದ್ದ ಅಪ್ಪ ಅದನ್ನು ಅಲ್ಲಿಂದ ತಂದು, "ಆನಿ ತುಳದ್ರೂ ಮುರಿಯಾಂಗಿಲ್ಲ ನೋಡ್ರಿ" ಎಂದು ಓಣಿಗೆಲ್ಲ ತೋರಿಸಿದ್ದ. ಅಪ್ಪ ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾಗಿದ್ದು ಅದೊಂದೇ ಎಂದು ಅವ್ವ ಈಗಲೂ ಕಾಡಿಸುತ್ತಾಳೆ. ಇದ್ದ ಎರಡು ಚಾವಿಗಳಲ್ಲಿ ಒಂದು ಅಪ್ಪನ ಉಡಿದಾರದಲ್ಲಿ ಗಂಗಾವತಿಗೆ ಹೋಗಿತ್ತು, ಇನ್ನೊಂದು ಅವ್ವನ ಹತ್ತಿರ.

ನನಗಾಗ ಎಂಟು ವರ್ಷ. ಯಲಬುರ್ಗಾ ಸೀಮೆಯ ನಮ್ಮೂರಿನಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ವಾರ ಮೊದಲೇ ಹುರಿದ ಎಳ್ಳು, ಶೇಂಗಾ, ಬೆಲ್ಲದ ಪಾಕದ ವಾಸನೆ ಮನೆಯಿಂದ ಮನೆಗೆ ದಾಟುತ್ತಿತ್ತು. ಉಂಡಿ ಕಟ್ಟಿ, ಜೋಳ ಹುರಿದು ಅಳ್ಳು ಅರಳಿಸಿ ಡಬ್ಬಿ ತುಂಬುತ್ತಿದ್ದರು. ಓಣಿಯ ದೊಡ್ಡ ಬೇವಿನ ಮರಕ್ಕೆ ಹೊಸ ಹಗ್ಗದ ಜೋಕಾಲಿ ಕಟ್ಟುತ್ತಿದ್ದರು. ಗಂಡನ ಮನೆಯಿಂದ ಬಂದ ಅಕ್ಕಂದಿರು ಜೀಕಲು ನಿಂತರೆ ನಮ್ಮಂಥ ಸಣ್ಣವರ ಪಾಳಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.

ಆ ವರ್ಷ ಹಬ್ಬದ ದಿನವೇ ಅವ್ವನಿಗೆ ಅಂಗನವಾಡಿ ಕೆಲಸದ ಸಂದರ್ಶನ. ಸರ್ಕಾರಕ್ಕೆಲ್ಲಿಯ ಪಂಚಮಿ! ಹನ್ನೊಂದರ ಬಸ್ಸಿಗೆ ಯಲಬುರ್ಗಾಕ್ಕೆ ಹೋಗಿ ಹತ್ತನೆಯ ತರಗತಿಯ ಅಸಲಿ ಮಾರ್ಕ್ಸ್ ಕಾರ್ಡು ತೋರಿಸಬೇಕಿತ್ತು. ಹಿಂದೊಮ್ಮೆ ಕರೆದಾಗ ನಾನು ಹೊಟ್ಟೆಯಲ್ಲಿದ್ದೆ. ಇನ್ನೊಮ್ಮೆ ಕರೆದಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು. "ಈ ಸಲ ತಪ್ಪಿದ್ರ ವಯಸ್ಸು ದಾಟತೈತಿ, ಮತ್ತ ಕರಿಯಾಂಗಿಲ್ಲ" ಎಂದು ಅವ್ವ ಹಿಂದಿನ ದಿನವೆಲ್ಲ ತನಗೆ ತಾನೇ ಹೇಳಿಕೊಂಡು ಓಡಾಡಿದ್ದಳು.

ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆಯಲು ಹೊರಟಾಗ ಅವಳ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ತಂಬಿಗೆ. ಚಾವಿಯನ್ನು ಕರಿದಾರಕ್ಕೆ ಪೋಣಿಸಿ ನನ್ನ ಕೊರಳಿಗೆ ಹಾಕಿದಳು. "ಕೊಳ್ಳಾಗಿಂದು ತಗೀಬ್ಯಾಡ. ನಾ ಬಂದಕೂಡ್ಲೆ ಸೀರಿ ಉಟ್ಟು ಹೋಗೂದೈತಿ."

ತೆಗೆಯದೇ ಇರುತ್ತಿದ್ದೆನೇನೋ. ಆದರೆ ಪಂಚಮಿಯಲ್ಲಿ ನಮ್ಮ ಕಡೆಯ ಮಕ್ಕಳ ಕೈಯಲ್ಲಿ ಕೊಬ್ಬರಿ ಬಟ್ಟಲು ಇರಲೇಬೇಕು. ಒಣಕೊಬ್ಬರಿಯ ಅರ್ಧ ಹೋಳಿನಲ್ಲಿ ಎರಡು ತೂತು ಕೊರೆದು, ದಾರ ಪೋಣಿಸಿ ಎಳೆದರೆ ಗುಂಯ್ಯೆಂದು ತಿರುಗುತ್ತದೆ. ಆಡಿ ಆಡಿ ನನ್ನದರ ದಾರ ಹರಿದಿತ್ತು. ಕೊರಳಲ್ಲಿದ್ದ ಕರಿದಾರ ಬಹಳ ಗಟ್ಟಿಯಾಗಿತ್ತು. ಅದನ್ನು ಬಿಚ್ಚಿ ಬಟ್ಟಲಿಗೆ ಪೋಣಿಸಿದೆ, ಚಾವಿಯನ್ನು ಲಂಗದ ಉಡಿಯಲ್ಲಿದ್ದ ಅಳ್ಳಿನೊಳಗೆ ಹಾಕಿಕೊಂಡೆ. ಅಷ್ಟರಲ್ಲಿ ಜೋಕಾಲಿಯ ಮೇಲಿದ್ದ ಶಾಂತಕ್ಕ, "ಬಾರ, ನನ್ನ ತೊಡಿ ಮ್ಯಾಲ ಕುಂದ್ರು" ಎಂದು ಕರೆದಳು. ಬೇಡ ಎನ್ನುವುದುಂಟೆ! ಜೋಕಾಲಿ ಮೇಲಕ್ಕೆ ಹೋದಾಗ ಎರಡೂ ಕೈಯಿಂದ ಹಗ್ಗ ಹಿಡಿದುಕೊಂಡೆ. ಉಡಿ ಬಿಚ್ಚಿ ಅಳ್ಳೆಲ್ಲ ಕೆಳಗೆ ಸುರಿಯಿತು. ಕೋಳಿಗಳು ಓಡಿಬಂದವು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಚಾವಿಯ ನೆನಪಾದದ್ದು ಕೆಳಗಿಳಿದ ಮೇಲೆ. ಮಣ್ಣು ಕೆದರಿದೆ, ಪಕ್ಕದ ತಿಪ್ಪೆ ಕೆದರಿದೆ. ಕೋಳಿಗಳ ಹಿಂದೆಯೂ ಓಡಿದೆ. ಎಲ್ಲಿಯೂ ಇಲ್ಲ.

ಅವ್ವ ಬಂದು ಕೈ ಚಾಚಿದಳು. "ಚಾವಿ ಕೊಡವ್ವ."

"ಮಾಬುಬಿ ದೊಡ್ಡವ್ವನ ಕಡಿ ಕೊಟ್ಟೀನಿ" ಎಂದುಬಿಟ್ಟೆ.

ಆ ಸುಳ್ಳು ಎಲ್ಲಿಂದ ಬಂತೋ! ಮಾಬುಬಿ ದೊಡ್ಡವ್ವ ನಮ್ಮ ಪಕ್ಕದ ಮನೆಯವಳು. ಅವಳು, ಅವಳ ಗಂಡ ಖಾಸಿಂಸಾಬ ಕಾಕಾ ಹತ್ತಿ ತುಂಬಿ ಗಾದಿ ಹೊಲಿಯುತ್ತಿದ್ದರು. ಹೊಲಕ್ಕೆ ಹೋಗುವವರು ತಮ್ಮ ಚಾವಿಗಳನ್ನು ಅವಳ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಹೋಗುತ್ತಿದ್ದುದರಿಂದ ನನ್ನ ಮಾತನ್ನು ಅವ್ವ ನಂಬಿ, ನನ್ನನ್ನೂ ಕರೆದುಕೊಂಡು ಅವಳ ಮನೆಗೆ ನಡೆದಳು.

ಕೊಟ್ಟಿಲ್ಲ ಎಂದು ದೊಡ್ಡವ್ವ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಅವಳು ನನ್ನ ಮುಖ ನೋಡಿದಳು, ಆಮೇಲೆ ತನ್ನ ಹಣೆ ಒತ್ತಿಕೊಂಡಳು. "ಕೊಟ್ಟಿರಬೇಕು ತಂಗಿ. ಕೂಸು ಯಾಕ ಸುಳ್ಳು ಹೇಳತೈತಿ? ನನಗ ಇತ್ತಿತ್ತಲಾಗ ಮರವು ಭಾಳ ಆಗೈತಿ."

ಮೊಳೆಯ ಮೇಲಿದ್ದುದನ್ನೆಲ್ಲ ತೆಗೆದು ನೋಡಿದಳು. ಅಕ್ಕಿ ಡಬ್ಬಿ ಸುರುವಿದಳು, ಹಾಸಿಗೆ ಕೊಡವಿದಳು. ಅವ್ವ ಬಾಗಿಲಲ್ಲಿ ನಿಂತು ಒಮ್ಮೆ ಒಳಗೆ, ಒಮ್ಮೆ ಬಸ್ಸು ಬರುವ ದಾರಿಯ ಕಡೆ ನೋಡುತ್ತಿದ್ದಳು. ಕೊನೆಗೆ ದೊಡ್ಡವ್ವ, "ಹತ್ತಿ ಸಂಗಾಟ ಗಾದ್ಯಾಗ ಹೋತೇನ" ಎಂದು ಗಿರಾಕಿಗೆ ಕೊಡಬೇಕಾಗಿದ್ದ ಹೊಸ ಗಾದಿಯ ಹೊಲಿಗೆಗೆ ಕತ್ತರಿ ಇಟ್ಟಳು.

ನನಗೆ ತಡೆಯಲಾಗಲಿಲ್ಲ. "ಹರೀಬ್ಯಾಡ ದೊಡ್ಡವ್ವ! ನಾ ಕೊಟ್ಟಿಲ್ಲ. ಜೋಕಾಲ್ಯಾಗ ಕಳಕೊಂಡೀನಿ" ಎಂದು ಅತ್ತೆ.

ಅವ್ವ ಕೈ ಎತ್ತಿದಳು. ದೊಡ್ಡವ್ವ ನನ್ನನ್ನು ತನ್ನ ಬೆನ್ನ ಹಿಂದೆ ಎಳೆದುಕೊಂಡಳು. "ಬಡಿಯಾಕ ಸಂಜಿತನಾ ಹೊತ್ತೈತಿ ತಂಗಿ. ಬಸ್ಸಿಗೆ ಇಲ್ಲ."

ಖಾಸಿಂಸಾಬ ಕಾಕಾ ಕಲ್ಲು ತಂದು ಕೀಲಿಗೆ ಹೊಡೆದ. ಕಲ್ಲು ಒಡೆಯಿತು. ಹಬ್ಬವೆಂದು ಕಮ್ಮಾರರ ಕುಲುಮೆ ಮುಚ್ಚಿತ್ತು. ಕಾಕಾ ನಮ್ಮ ಮಣ್ಣಿನ ಮಾಳಿಗೆಯ ಕಡೆ ನೋಡಿದ. ಅಡುಗೆಮನೆಯ ಹೊಗೆ ಹೋಗಲು, ಬೆಳಕು ಬರಲು ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು.

"ಕಿಂಡ್ಯಾಗ ಈ ಕೂಸು ಹಿಡಸ್ತೈತಿ. ಗಟ್ಟಿ ಹಗ್ಗ ಬೇಕು" ಎಂದ.

ಓಣಿಯಲ್ಲಿ ಗಟ್ಟಿ ಹಗ್ಗವಿದ್ದದ್ದು ಜೋಕಾಲಿಗೆ. ಶಾಂತಕ್ಕ ತವರಿಗೆ ಬಂದದ್ದು ಮೂರೇ ದಿನಕ್ಕೆ, ಮರುದಿನ ಹೊರಡುವವಳು. ಅವಳೇ ಮೊದಲು ಜೋಕಾಲಿಯಿಂದ ಜಿಗಿದು, "ಯಾರರ ಮರ ಏರಿ ಬಿಚ್ಚರಿ" ಎಂದು ಕೂಗಿದಳು. ಪಾಳಿಗೆ ನಿಂತಿದ್ದ ಒಬ್ಬಳೂ ಗೊಣಗಲಿಲ್ಲ.

ಹಗ್ಗವನ್ನು ನನ್ನ ಕಂಕುಳಡಿ ಸುತ್ತಿ ಕಾಕಾ ಮತ್ತು ಅವ್ವ ನನ್ನನ್ನು ಕಿಂಡಿಯಲ್ಲಿ ಇಳಿಬಿಟ್ಟರು. ಮೊಣಕೈ ತರಚಿತು. ಒಳಗೆ ಕತ್ತಲೆ, ಮಸಿಯ ಘಾಟು, ಜೊತೆಗೆ ಉಂಡಿಯ ಘಮ. ಮೇಲಿಂದ ಅವ್ವ, "ಹೆದರಬ್ಯಾಡವ್ವ, ನಾ ಹಿಡದೀನಿ" ಎಂದಳು. ಸ್ವಲ್ಪ ಹೊತ್ತಿನ ಮುಂಚೆ ಬಡಿಯಲು ಎತ್ತಿದ ಕೈಯೇ ಹಗ್ಗ ಹಿಡಿದಿದೆ ಎಂಬುದು ಆ ಕತ್ತಲಲ್ಲಿಯೂ ನನಗೆ ಹೊಳೆಯಿತು, ಇನ್ನಷ್ಟು ಅಳು ಬಂತು. ಟ್ರಂಕಿನ ತಳದಿಂದ ಮಾರ್ಕ್ಸ್ ಕಾರ್ಡು, ಮೇಲಿದ್ದ ಒಂದು ಸೀರೆ ತೆಗೆದು ಗಂಟು ಕಟ್ಟಿದೆ. ಮೊದಲು ಗಂಟು ಮೇಲೆ ಹೋಯಿತು, ಆಮೇಲೆ ನಾನು.

ಅವ್ವ ದೊಡ್ಡವ್ವನ ಮನೆಯಲ್ಲಿ ಸೀರೆ ಉಡುವಷ್ಟರಲ್ಲಿ ಕಾಕಾ ಓಡಿಹೋಗಿ ಬಸ್ಸಿಗೆ ಅಡ್ಡ ನಿಂತಿದ್ದ. ಸಂಜೆ ಅವಳು ಬಂದು ಹೇಳಿದ್ದು ಕೇಳಿ ಓಣಿಯೆಲ್ಲ ನಕ್ಕಿತು. ಸಂದರ್ಶನದಲ್ಲಿ ಸಾಹೇಬರು, "ಊರವ್ರು ಮಕ್ಕಳನ್ನ ನಿಮ್ಮ ಹತ್ರ ನಂಬಿ ಕಳಿಸ್ತಾರೇನಮ್ಮ?" ಎಂದು ಕೇಳಿದರಂತೆ.

"ಇವತ್ತ ನನ್ನ ಸಲುವಾಗಿ ಹಬ್ಬದ ಜೋಕಾಲೀನ ಬಿಚ್ಯಾರ್ರಿ. ಮಕ್ಕಳನ್ನ ಕಳಸಾಂಗಿಲ್ಲೇನ್ರಿ?" ಎಂದಳಂತೆ ಅವ್ವ.

ಕೆಲಸ ಸಿಕ್ಕಿತು. ನಿವೃತ್ತಿಯಾಗುವವರೆಗೆ ಊರಿನ ಮಕ್ಕಳಿಗೆಲ್ಲ ಅವಳೇ ಟೀಚರು. ಚಾವಿ ಮಾತ್ರ ಸಿಗಲೇ ಇಲ್ಲ, ಹಬ್ಬದ ಮರುದಿನ ಕಮ್ಮಾರರು ಚಿಲಕವನ್ನೇ ಕಿತ್ತು ಬಾಗಿಲು ತೆರೆದರು. ಸಂಜೆಗೆ ಮುಂದೂಡಿದ ಏಟೂ ಇನ್ನೂ ಬಾಕಿಯಿದೆ.

ಈಗ ನಾನಿರುವುದು ಕೊಪ್ಪಳದಲ್ಲಿ, ಮೂರನೆಯ ಮಹಡಿಯ ಮನೆಯಲ್ಲಿ. ಮೊನ್ನೆ ಶ್ರಾವಣದಲ್ಲಿ ಚಾವಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡೆ. ಫೋನ್ ಮಾಡಿದರೆ ಒಬ್ಬಾತ ಬಂದು ಐದೇ ನಿಮಿಷದಲ್ಲಿ ತೆರೆದು ಹೋದ. ಆತ ಬರುವವರೆಗೆ ಒಂದು ತಾಸು ಮೆಟ್ಟಿಲ ಮೇಲೆ ಕುಳಿತಿದ್ದೆ. ಯಾರೂ ಏನಾಯಿತೆಂದು ಕೇಳಲಿಲ್ಲ. ಬೇಸರವಾಯಿತು, ಸಿಟ್ಟೂ ಬಂತು. ಆಮೇಲೆ ನೋಡಿದರೆ, ಇಲ್ಲಿಗೆ ಬಂದ ಮೂರು ವರ್ಷದಲ್ಲಿ ನಾನು ಯಾರನ್ನು ಏನು ಕೇಳಿದ್ದೇನೆ? ಮಾಬುಬಿ ದೊಡ್ಡವ್ವನ ಮಡಿಲಲ್ಲಿ ಬೆಳೆದವಳು ಎದುರು ಮನೆಯವರ ಹೆಸರನ್ನೂ ತಿಳಿದುಕೊಂಡಿರಲಿಲ್ಲ.

ಮರುದಿನ ತಟ್ಟೆಯಲ್ಲಿ ನಾಲ್ಕು ಶೇಂಗಾ ಉಂಡಿ ಇಟ್ಟುಕೊಂಡು ಆ ಬಾಗಿಲು ಬಡಿದೆ. ನನ್ನದೇ ವಯಸ್ಸಿನ ಹೆಂಗಸು, ಮಾತು ಕುಷ್ಟಗಿ ಕಡೆಯದು. ತಟ್ಟೆ ತೆಗೆದುಕೊಂಡರು.

"ನಿನ್ನೆ ನೀವು ಮೆಟ್ಟಲ ಮ್ಯಾಲ ಕುಂತಿದ್ದು ಬಾಗಲ ತೂತಿನ್ಯಾಗಿಂದ ನೋಡಿದ್ನಿರಿ. ಒಳಗ ಕರೀಬೇಕಂತ ಎರಡು ಸಲ ಚಿಲಕಕ್ಕ ಕೈ ಹಚ್ಚಿದ್ನಿ. ಏನಂತ ಕರೀಬೇಕ್ರಿ, ನಿಮ್ಮ ಹೆಸರ ಗೊತ್ತಿರಲಿಲ್ಲ."

ನಾನು ಹೆಸರು ಹೇಳಿದೆ. ಅವರೂ ಹೇಳಿದರು.