ನಾಲ್ಕಿಂಚು ವೈರು

ತಾಂಡವಪುರದ ಮಹಾದೇವಸ್ವಾಮಿಗೆ ಒಂದು ಕಡೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಉಣ್ಣುವಾಗಲೂ ಮೊಣಕಾಲು ಕುಣಿಯುತ್ತಿರುತ್ತದೆ. ನಂಜನಗೂಡಿನಲ್ಲಿ ಐಟಿಐ ಮುಗಿಸಿ ಹತ್ತೊಂಬತ್ತು ವರ್ಷಗಳಿಂದ ಲಿಫ್ಟ್ ರಿಪೇರಿ ಮಾಡುತ್ತಿರುವ ಆತ, ಕೆಟ್ಟದ್ದು ಯಾಕೆ ಕೆಟ್ಟಿತೆಂದು ಗೊತ್ತಾಗುವವರೆಗೆ ಕೆಲಸ ಮುಗಿಯಿತು ಎನ್ನುವವನಲ್ಲ. ತಾನಾಗಿಯೇ ಸರಿಹೋಯಿತು ಎಂದು ಯಾರಾದರೂ ಅಂದರೆ ಅವನಿಗೆ ಮೈ ಉರಿಯುತ್ತದೆ.

ತಿ. ನರಸೀಪುರದ ಒಂದು ನರ್ಸಿಂಗ್ ಹೋಮಿನ ಲಿಫ್ಟು ಆರು ವಾರಗಳಿಂದ ಅವನನ್ನು ಹಾಗೆಯೇ ಉರಿಸುತ್ತಿತ್ತು. ಬೆಳಿಗ್ಗೆ ಏಳಕ್ಕೆ ಫೋನ್ ಬರುತ್ತಿತ್ತು, ಲಿಫ್ಟು ಕದಲುತ್ತಿಲ್ಲ ಎಂದು. ಬೈಕು ಓಡಿಸಿಕೊಂಡು ಒಂಬತ್ತೂವರೆಗೆ ಹೋಗಿ ನೋಡಿದರೆ ಅದು ಏನೂ ಆಗಿಲ್ಲವೆಂಬಂತೆ ಮೂರು ಅಂತಸ್ತುಗಳ ನಡುವೆ ಓಡಾಡಿಕೊಂಡಿರುತ್ತಿತ್ತು.

ಎಳೆದು ಮುಚ್ಚುವ ಕಬ್ಬಿಣದ ಗೇಟುಗಳ ಹಳೆಯ ಲಿಫ್ಟು ಅದು. ಪ್ರತಿ ಗೇಟಿನ ಮೇಲ್ಭಾಗದಲ್ಲೂ ಒಂದು ಸಣ್ಣ ಸ್ವಿಚ್ಚು. ಎಲ್ಲ ಗೇಟುಗಳೂ ಪೂರ್ತಿ ಮುಚ್ಚಿದ್ದರೆ ಮಾತ್ರ ಆ ಸ್ವಿಚ್ಚುಗಳ ಸಾಲಿನಲ್ಲಿ ಕರೆಂಟು ಹರಿದು ಲಿಫ್ಟು ಹೊರಡುತ್ತದೆ. ಆ ಸಾಲಿನಲ್ಲೇ ಎಲ್ಲೋ ಕರೆಂಟು ಕಡಿಯುತ್ತಿದೆ ಎಂಬುದಷ್ಟೇ ಗೊತ್ತಿತ್ತು. ಬೆಳಿಗ್ಗೆ ಹೊಲದ ಪಂಪ್‌ಸೆಟ್ಟುಗಳು ಶುರುವಾದಾಗ ವೋಲ್ಟೇಜು ಬೀಳುತ್ತಿರಬಹುದೆಂದು ಅಳೆದ, ಸರಿಯಿತ್ತು. ರಿಲೇ ಬದಲಿಸಿದ. ಸ್ವಿಚ್ಚುಗಳನ್ನೆಲ್ಲ ಬಿಚ್ಚಿ ಒರೆಸಿದ. ನೆಲಮಾಳಿಗೆಯಿಲ್ಲದ ಆ ಕಟ್ಟಡದ ತಳ ಅಂತಸ್ತಿನ ಸ್ವಿಚ್ಚಿನಲ್ಲಿ ಹಳದಿ ಕಲೆಯೊಂದಿತ್ತು. ತುಕ್ಕೆಂದುಕೊಂಡ. ನಾಲ್ಕು ದಿನಕ್ಕೆ ಮತ್ತೆ ಫೋನ್ ಬಂತು.

ಸೋಮವಾರ ರೋಗಿಯೊಬ್ಬರನ್ನು ಕುರ್ಚಿಯ ಸಮೇತ ಮೆಟ್ಟಿಲಿಳಿಸಬೇಕಾಯಿತು. ಗುರುವಾರ ಮ್ಯಾನೇಜರ್ ನಂಜುಂಡಸ್ವಾಮಿ ಅವನನ್ನು ಕರೆಸಿಕೊಂಡರು.

“ಆ ಗೇಟಿನ ಸ್ವಿಚ್ಚುಗಳ ಸಾವಾಸನೇ ಬೇಡ, ಒಂದು ವೈರು ಕೊಟ್ಬುಡಿ. ನಿಮ್ ಕೈಲಾಗಲ್ಲ ಅಂದ್ರೆ ಮೈಸೂರಿಂದ ಬೇರೇವ್ರು ಬತ್ತಾರೆ.”

ಆ ವೈರು ಕೊಟ್ಟರೆ ಕರೆಂಟು ಸ್ವಿಚ್ಚುಗಳನ್ನು ಮುಟ್ಟದೆ ನೇರ ಹರಿದು, ಗೇಟು ತೆರೆದಿದ್ದರೂ ಲಿಫ್ಟು ಹೊರಡುತ್ತದೆ. ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಮಾಡದವನು ಅಂದು ಸಂಜೆ ಆರಕ್ಕೆ ನಾಲ್ಕಿಂಚು ವೈರು ಕತ್ತರಿಸಿ ಎರಡು ಟರ್ಮಿನಲ್‌ಗಳಿಗೆ ಸೇರಿಸಿ, ಎರಡೇ ದಿನದ ಮಟ್ಟಿಗೆ ಎಂದುಕೊಂಡು ಮನೆಗೆ ಹೋದ.

ನಿದ್ದೆ ಹತ್ತಲಿಲ್ಲ. “ಆಸ್ಪತ್ರೇಲಿ ಮಲಗಿರೋರಿಗಿಂತ ನಿಮ್ದೇ ಜಾಸ್ತಿಯಾಯ್ತಲ್ಲ ಹೊರಳಾಟ” ಎಂದಳು ಹೆಂಡತಿ ಮಧುಶ್ರೀ. ನಾಲ್ಕೂವರೆಗೆ ಎದ್ದು ಬೈಕು ಹತ್ತಿದ. ಆ ವೈರು ಕಿತ್ತುಹಾಕದೆ ಬೇರೇನೂ ತೋಚುವಂತಿರಲಿಲ್ಲ.

ವೈರು ಸೇರಿಸಿದ್ದ ಮೋಟಾರಿನ ರೂಮಿರುವುದು ತಾರಸಿಯ ಮೇಲೆ. ಮೆಟ್ಟಿಲು ಹತ್ತುತ್ತ ಮೊದಲ ಮಹಡಿಗೆ ಬಂದವನ ಕಾಲುಗಳು ನಿಂತುಬಿಟ್ಟವು. ಒಂದೂವರೆ ತಿಂಗಳ ಹಿಂದೆ ಕಸ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದ್ದ ಮಲ್ಲಾಜಮ್ಮ ಲಿಫ್ಟಿನ ಒಳಗಿನ, ಹೊರಗಿನ ಎರಡೂ ಗೇಟುಗಳನ್ನು ತೆರೆದಿಟ್ಟು, ಅರ್ಧ ಮೈ ಒಳಗೆ, ಅರ್ಧ ಹೊರಗೆ ಮಾಡಿ ಕುಕ್ಕರಗಾಲಲ್ಲಿ ಕೂತು, ಬಾಗಿಲ ಪಟ್ಟಿಗೆ ಚೊಂಬಿನಿಂದ ನೀರು ಹುಯ್ಯುತ್ತಿದ್ದಳು. ಮೇಲೆ ಯಾರಾದರೂ ಬಟನ್ ಒತ್ತಿದರೆ ಮುಗಿಯಿತು.

“ಅಕ್ಕ, ಈಚೆ ಬನ್ನಿ.”

“ತಡೀರಿ ಸಾ, ಅರಿಸ್ನ ಅಚ್ಚೋದು ಒಂದೈತೆ.”

ರಟ್ಟೆ ಹಿಡಿದು ಎಳೆದ. ಬಕೆಟ್ ಉರುಳಿತು. ಲಿಫ್ಟು ಕದಲಲಿಲ್ಲ; ಯಾರೂ ಕರೆದಿರಲಿಲ್ಲ, ಅಷ್ಟೇ. ಆಕೆಗೆ ಅಲ್ಲೇ ನಿಂತಿರಲು ಹೇಳಿ ತಾರಸಿಗೆ ಓಡಿ ಮೇನ್ ಆಫ್ ಮಾಡಿದ. ವೈರು ಬಿಚ್ಚಿಕೊಂಡು ಕೆಳಗಿಳಿದಾಗ ಮಲ್ಲಾಜಮ್ಮ ಮುಖ ಊದಿಸಿಕೊಂಡಿದ್ದಳು.

“ದಿನಾ ಅವ್ರಿವ್ರು ಕಾಯ್ಲೆ ಒತ್ಕಂಡು ದಾಟೋ ಒಸ್ಲು ಸಾ ಇದು. ಸೋಮಾರ, ಸುಕ್ರಾರನಾದ್ರೂ ತೊಳೀದೆ ಬುಟ್ಟಾರಾ?”

ಮಹಾದೇವಸ್ವಾಮಿ ಫೋನು ತೆಗೆದು, ಲಿಫ್ಟು ಕೆಟ್ಟಿತೆಂದು ಬಂದ ಹಳೆಯ ಕರೆಗಳನ್ನು ನೋಡಿದ. ಹನ್ನೊಂದು ಕರೆ. ಹನ್ನೊಂದೂ ಸೋಮವಾರ, ಇಲ್ಲವೇ ಶುಕ್ರವಾರ. ತಾರೀಖು, ಗಂಟೆ, ವೋಲ್ಟೇಜು ಎಲ್ಲವನ್ನೂ ಲೆಕ್ಕ ಹಿಡಿದವನು ವಾರವನ್ನು ನೋಡಿರಲಿಲ್ಲ. ತಳ ಅಂತಸ್ತಿಗೆ ಇಳಿದು ಟಾರ್ಚ್ ಬಿಟ್ಟ. ಮೊದಲ ಮಹಡಿಯ ಹೊಸ್ತಿಲಿಗೂ ಲಿಫ್ಟಿಗೂ ನಡುವಿನ ಸಂದಿನಿಂದ ಅರಿಸಿನದ ನೀರು ತೊಟ್ಟಿಕ್ಕುತ್ತಿತ್ತು, ಸರಿಯಾಗಿ ಆ ಗೇಟಿನ ಸ್ವಿಚ್ಚಿನ ಮೇಲೆ. ಅವನು ಬರುವ ಒಂಬತ್ತೂವರೆಗೆ ಅದು ಒಣಗಿರುತ್ತಿತ್ತು.

ಸ್ವಿಚ್ಚು ಬದಲಿಸಿ, ಮೇಲೆ ಇಳಿಜಾರಾಗಿ ಒಂದು ತಗಡು ಕೂರಿಸಿ, ಮೇನ್ ಆನ್ ಮಾಡಿ ಬರುವಷ್ಟರಲ್ಲಿ ಬಿಸಿಲೇರಿತ್ತು. ಇನ್ನು ಮೇಲೆ ಬಟ್ಟೆ ಹಿಂಡಿ ಒರೆಸಿ, ಅರಿಸಿನ ಬೆರಳಲ್ಲಿ ಹಚ್ಚಿ ಎಂದ. ಆಕೆ ಒಪ್ಪಿದಳು. ಅಲ್ಲಿಗೆ ಹೊರಡಬಹುದಿತ್ತು. ಆಗಲಿಲ್ಲ. ನಿನ್ನೆ ತಾನು ಏನು ಮಾಡಿದ್ದೆ, ಅದರಿಂದ ಆಕೆಗೆ ಏನಾಗಬಹುದಿತ್ತು ಎಂಬುದನ್ನು ಒಂದೂ ಬಿಡದೆ ಹೇಳಿದ.

ಮಲ್ಲಾಜಮ್ಮ ಗೇಟನ್ನು ಒಮ್ಮೆ ಎಳೆದು ಮುಚ್ಚಿ, ಮತ್ತೆ ತೆರೆದಳು.

“ನೀವು ಕಿತ್ತಾಕುದ್ರಿ. ನಾಳೆ ಇನ್ನೊಬ್ರು ಬಂದು ಆಕುದ್ರೆ ನಂಗೆಂಗೆ ಗೊತ್ತಾಯ್ತದೆ?”

ಈ ಪ್ರಶ್ನೆಯನ್ನು ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. ನೆಲ ಒರೆಸುವ ಒಣ ಕೋಲನ್ನು ಆಕೆಯ ಕೈಗೆ ಕೊಟ್ಟ. ಗೇಟು ತೆರೆದಿಟ್ಟು, ಹೊರಗೇ ನಿಂತು, ಕೋಲಿನ ತುದಿಯಿಂದ ಒಳಗಿನ ಬಟನ್ ಒತ್ತಿ ಎಂದ. ಕದಲಿದರೆ ಯಾರೋ ವೈರು ಹಾಕಿದ್ದಾರೆಂದೇ ಲೆಕ್ಕ, ಹತ್ತಿರ ಸುಳಿಯದೆ ಮೊದಲು ನನಗೆ ಫೋನ್ ಮಾಡಿ.

ಆಕೆ ಒತ್ತಿದಳು. ಲಿಫ್ಟು ಕದಲಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಮೇಲೆ ಕೋಲನ್ನು ಹೆಗಲಿಗಿಟ್ಟುಕೊಂಡು, ಮಿಕ್ಕ ಗೇಟುಗಳನ್ನೂ ನೋಡಿಬಿಡುವಾ ಎಂದು ಮೆಟ್ಟಿಲ ಕಡೆ ನಡೆದಳು. ಮಹಾದೇವಸ್ವಾಮಿ ಆಕೆಯ ಹಿಂದೆಯೇ ಹತ್ತಿದ.